ಒಡಪಿನ ಬೀಗ

ನನ್ನ ಹೆಂಡತಿ ನನ್ನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಇವತ್ತಿನವರೆಗೂ ಇಲ್ಲ. ಗ್ಯಾಸಿನವನು ಬರಲಿ, ಓಟರ್ ಲಿಸ್ಟಿನವರು ಬರಲಿ, ಮನೆ ಯಜಮಾನರ ಹೆಸರೇನೆಂದು ಕೇಳಿದರೆ ಗೋಡೆಗೆ ತೂಗುಹಾಕಿದ ನನ್ನ ಸನ್ಮಾನಪತ್ರದ ಕಡೆ ಕೈ ತೋರಿಸಿ, "ಅಲ್ಲಿ ಬರದೈತಿ, ಓದಿಕೋರಿ" ಅನ್ನುತ್ತಾಳೆ. ಸನ್ಮಾನಪತ್ರ ಕನ್ನಡದಲ್ಲಿದೆ. ಬಂದವರಿಗೆ ತೆಲುಗು ಮಾತ್ರ ಓದಲು ಬಂದರೆ ಪಕ್ಕದ ಮನೆಯವರನ್ನು ಕರೆದು ಓದಿಸುತ್ತಾಳೆ, ತಾನು ಮಾತ್ರ ಹೇಳುವುದಿಲ್ಲ. ನಾನು ಗಣಿತದ ಮೇಷ್ಟ್ರು. ತೆಲುಗು ಸೀಮೆಯ ಆದೋನಿಯಲ್ಲಿ ಮನೆ, ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಕೆಲಸ. ಇಂಥ ಕಂದಾಚಾರ ನನಗೆ ಹಿಡಿಸುವುದಿಲ್ಲ. ಎಷ್ಟೋ ಸಲ ರೇಗಿದ್ದೇನೆ. ಆಕೆ ಜಗ್ಗಿದವಳಲ್ಲ.

ಹೇಳಲೇಬೇಕಾಗಿ ಬಂದರೆ ನಮ್ಮ ಕಡೆಯ ಹೆಂಗಸರಿಗೆ ಒಂದು ದಾರಿ ಇದೆ. ಅದು ಒಡಪು. ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳಲ್ಲಿ ನಾಲ್ಕು ಜನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿಯುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳಿಬಿಡುವುದು. ಪದ್ಯದೊಳಗೆ ಬಂದ ಹೆಸರಿಗೆ ದೋಷವಿಲ್ಲ. ಮದುವೆಯಾದ ಮೂರನೆಯ ದಿನ ನನ್ನ ಹೆಂಡತಿಯನ್ನೂ ಹೀಗೆ ನಿಲ್ಲಿಸಿದ್ದರು. ಆಕೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ತುಂಗಭದ್ರಿ ನೀರು ಕೊಡದಾಗ ತಣ್ಣಗ, ಇಂಥವರ ಸಿಟ್ಟು ಮೂಗಿನ ತುದ್ಯಾಗ ಸಣ್ಣಗ." 'ಇಂಥವರ' ಅನ್ನುವಲ್ಲಿ ನನ್ನ ಹೆಸರಿತ್ತು. ನೆರೆದವರು ಬಿದ್ದು ಬಿದ್ದು ನಕ್ಕರು. ಮೂರೇ ದಿನದಲ್ಲಿ ನನ್ನನ್ನು ಅಳೆದುಬಿಟ್ಟಿದ್ದಳು ನೋಡಿ! ನನಗೆ ಸಿಟ್ಟು ಬಂತು. ಬರಲೇಬೇಕಲ್ಲ, ಅದೇ ತಾನೇ ಒಡಪಿನಲ್ಲಿದ್ದದ್ದು.

ಆಕೆಯ ತವರು ನಾಗಲದಿನ್ನೆ, ಹೊಳೆಯ ದಂಡೆಯ ಊರು. ನನ್ನ ಅತ್ತೆ ಆ ಊರಿನ ಹಾಡುಗಾರ್ತಿ. ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆಗೆ ಅವರೇ ಬೇಕು, ಕೂಸು ಹುಟ್ಟಿದರೆ ಜೋಗುಳಕ್ಕೆ ಅವರೇ. ಕನ್ನಡದಲ್ಲಿ ಎತ್ತಿಕೊಂಡ ಪದ ನಡುವೆ ಯಾವಾಗ ತೆಲುಗಿಗೆ ಹೊರಳಿತು, ಯಾವಾಗ ಮತ್ತೆ ಕನ್ನಡಕ್ಕೆ ಬಂತು ಎಂದು ಹೇಳಲಾಗದಂತೆ ಹಾಡುತ್ತಿದ್ದರು. ಇಷ್ಟೆಲ್ಲ ನಾನು ಕೇಳಿದ್ದು ಗೋಡೆಯ ಈಚೆಯಿಂದ. ಅಳಿಯನ ಎದುರಿಗೆ ಬಂದು ಮಾತಾಡುವ ಪದ್ಧತಿ ಅವರ ಮನೆತನದಲ್ಲಿ ಇಲ್ಲ. ನಾನು ಹೋದರೆ ಸೆರಗು ಮುಂದೆಳೆದುಕೊಂಡು ಬಾಗಿಲ ಹಿಂದೆ ನಿಂತು, "ಅವರಿಗೆ ಇನ್ನೊಂದು ರೊಟ್ಟಿ ಹಾಕು, ಅವರು ನಾಚತಾರ" ಎಂದು ಮಗಳಿಗೆ ಹೇಳುತ್ತಿದ್ದರು. ನನಗೆಂದು ಹೇಳಿದ ಒಂದೇ ಒಂದು ಮಾತೂ ಅವರ ಬಾಯಿಂದ ನೇರವಾಗಿ ನನ್ನ ಕಡೆ ಬಂದಿರಲಿಲ್ಲ.

ನನ್ನ ಹೆಂಡತಿ ತವರಿಗೆ ಹೋದಾಗಲೆಲ್ಲ ಅವ್ವನ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಿದ್ದಳು. ನೂರಾ ನಲವತ್ತು ಹಾಡು ಆದವು. ಮೊಬೈಲಿನಲ್ಲಿ ಜಾಗ ಸಾಲದಾಗ ನಾನೇ ಅವನ್ನು ಅಲ್ಲಿಂದ ತೆಗೆದು ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟೆ. ಏನು ಹಾಡು, ಏನು ಗದ್ದಲ! ಹಿಂದೆ ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಪಕ್ಕದ ಮನೆಯ ಟಿವಿ. ಒಂದು ಹಾಡಿನ ನಡುವೆಯಂತೂ ಅತ್ತೆ ಜೋಳದ ಮೊರಕ್ಕೆ ಬಾಯಿ ಹಾಕಿದ ಕೋಳಿಗೆ ಬೈದು, ಬೈಗುಳ ಮುಗಿಸಿ, ಬಿಟ್ಟ ಸಾಲಿನಿಂದಲೇ ಮತ್ತೆ ಹಾಡು ಎತ್ತಿಕೊಂಡಿದ್ದರು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಜೊತೆಗೆ ಮಾತೂ ಹೋಯಿತು. ನಮ್ಮ ಮನೆಗೆ ಕರೆತಂದು ಪಡಸಾಲೆಯಲ್ಲಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಮಂಚ ಹಾಕಿದೆವು. ಕಾಲಿಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ ಮೇಲೆ ಎಡಗೈಯಲ್ಲಿ ಕೋಲೂರಿಕೊಂಡು ನಾಲ್ಕು ಹೆಜ್ಜೆ ಹಾಕುವಂತಾದರು. ಮಾತು ಬರಲಿಲ್ಲ. ಡಾಕ್ಟರು ಒಂದು ಮಾತು ಹೇಳಿದರು: ಮಾತು ಹೋದ ಕೆಲವರಿಗೆ ಹಾಡಿನ ದಾರಿಯಿಂದ ಮಾತು ವಾಪಸು ಬರುವುದುಂಟು, ಅವರಿಗೆ ಗೊತ್ತಿರುವ ಹಾಡನ್ನು ದಿನಾ ಕೇಳಿಸಿ. ಅವರಿಗೆ ಗೊತ್ತಿರುವ ಹಾಡೆಂದರೆ ಅವರದೇ ಹಾಡು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಹೆಂಡತಿ ಕಂಪ್ಯೂಟರಿನಲ್ಲಿ ಹಾಡು ಹಾಕುವಳು. ಅತ್ತೆ ಎಡಗೈಯಿಂದ ಮಂಚದ ಪಟ್ಟಿ ತಟ್ಟುವರು. ನಾಲ್ಕು ತಿಂಗಳಿಗೆ ಸಾಲಿನ ಕೊನೆಗೆ ಒಂದು 'ಊ' ಸೇರಿತು. ಆ 'ಊ' ಕೇಳಿದ ದಿನ ನನ್ನ ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಇಲ್ಲಿಗೆ ನನ್ನ ಬುದ್ಧಿವಂತಿಕೆ ಶುರುವಾಯಿತು. ಆ ಗದ್ದಲವನ್ನೆಲ್ಲ ತೆಗೆದು ಬರೀ ಹಾಡನ್ನು ಉಳಿಸಿದರೆ ಅತ್ತೆಗೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ ಎಂದು ನನಗೆ ಹೊಳೆಯಿತು. ಅದಕ್ಕೊಂದು ಸಾಫ್ಟ್‌ವೇರ್ ಬೇಕು, ಕೊಂಡುಕೊಳ್ಳಬೇಕು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಾತಿ ನಾನು. ಹುಡುಕಿದೆ. ಫೈಲ್ ಹಂಚಿಕೊಳ್ಳುವ ಇನ್ನೊಂದು ಸಾಫ್ಟ್‌ವೇರ್ ಸಿಕ್ಕಿತು. ಅದನ್ನು ಹಾಕಿಕೊಂಡರೆ ಲೋಕದ ಯಾವ್ಯಾವುದೋ ಮೂಲೆಯ ಕಂಪ್ಯೂಟರುಗಳಿಂದ ನಮಗೆ ಬೇಕಾದ ಫೈಲು ತುಂಡು ತುಂಡಾಗಿ ಬಂದು ನಮ್ಮಲ್ಲಿ ಒಂದಾಗುತ್ತದೆ. ಹಾಕಿಕೊಳ್ಳುವಾಗ ಅದು ಏನೇನೋ ಕೇಳಿತು. ನಾನು ಹೌದು, ಹೌದು, ಮುಂದೆ, ಹೌದು ಎಂದು ಒತ್ತಿಕೊಂಡು ಹೋದೆ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಸಂಜೆಯೊಳಗೆ ಬಂತು. ಅದರ ಜೊತೆ ಒಂದು ಚೀಟಿಯೂ ಬಂತು: ಮೊದಲು ನಿಮ್ಮ ಆಂಟಿವೈರಸ್ ನಿಲ್ಲಿಸಿ, ಆಮೇಲೆ ಇದನ್ನು ತೆರೆಯಿರಿ. ನಿಲ್ಲಿಸಿದೆ! ಪರೀಕ್ಷೆಯ ಕೋಣೆಯಲ್ಲಿ ಹುಡುಗನೊಬ್ಬ, ಸಾರ್, ಹತ್ತು ನಿಮಿಷ ಆ ಕಡೆ ತಿರುಗಿ ನಿಂತುಕೊಳ್ಳಿ ಅಂದಿದ್ದರೆ ಅವನ ಕಿವಿ ಹಿಂಡುತ್ತಿದ್ದೆ. ಇಲ್ಲಿ ಯಾರೋ ಮುಖ ಕಾಣದವನು ಹೇಳಿದ, ನಾನು ತಿರುಗಿ ನಿಂತೆ.

ವಾರ ಕಳೆಯಿತು. ಒಂದು ಮಧ್ಯಾಹ್ನ ನನ್ನ ಹೆಂಡತಿ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನಿಂತಳು.

"ಏನ್ರಿ, ಯಾರೂ ಕುಂತಿಲ್ಲ, ಆ ನೆಟ್ಟಿನ ಡಬ್ಬಿ ದೀಪ ಯಾಕ ಹಂಗ ಪಿಳಿಪಿಳಿ ಅಂತೈತಿ?"

"ಫೈಲ್ ಹಂಚಿಕೋತೈತಿ."

"ಹಂಚಿಕೊಳ್ಳೋದಂದ್ರ ತರೋದಾ, ಕೊಡೋದಾ?"

"ಎರಡೂ."

"ತರೋದು ಗೊತ್ತಾತು. ನಮ್ಮನ್ಯಾಗಿಂದ ಕೊಡೋದು ಏನು?"

ಇಷ್ಟು ಸರಳ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ. ತೆರೆದು ನೋಡಿದೆ. ನಾನು ಹೌದು ಹೌದು ಎಂದು ಒತ್ತುವಾಗ ಒಂದು ಇಡೀ ಡ್ರೈವನ್ನೇ ಊರಿಗೆ ಬಿಟ್ಟುಕೊಟ್ಟಿದ್ದೆ. ಅತ್ತೆಯ ಹಾಡುಗಳಿದ್ದ ಫೋಲ್ಡರು ಅದರಲ್ಲೇ ಇತ್ತು. ಯಾರೋ ಎಲ್ಲಿಯವರೋ ಅದನ್ನೂ ಇಳಿಸಿಕೊಂಡಿದ್ದರು. ಹೆಂಡತಿಗೆ ಹೇಳಿದೆ, ಮುಚ್ಚಿಡಲು ಆಗಲಿಲ್ಲ.

"ನಮ್ಮವ್ವ ಅಳಿಯನ ಎದುರಿಗೂ ಸೆರಗು ಜಾರಿಸಿದಾಕಿ ಅಲ್ಲ. ಆಕಿ ದನೀನ ಕಂಡವರ ಮನಿಗೆ ಕಳಿಸೀರಲ್ಲ!" ಎಂದಳು. ಮತ್ತೆ ಕಸ ಗುಡಿಸತೊಡಗಿದಳು. ಆಕೆ ಕೂಗಾಡಿದರೆ ನಾನೂ ಕೂಗಾಡಬಹುದು, ಸುಮ್ಮನಾದರೆ ನನಗೆ ದಿಕ್ಕು ತೋಚುವುದಿಲ್ಲ. ಹಂಚುವುದನ್ನು ನಿಲ್ಲಿಸಿದೆ, ಅಲ್ಲಿಗೆ ಎಲ್ಲ ಸರಿಯಾಯಿತು ಅಂದುಕೊಂಡೆ. ಚೀಟಿಯ ಮಾತು ಕೇಳಿ ತೆರೆದಿದ್ದ ಆ ಇನ್ನೊಂದು ಸಾಫ್ಟ್‌ವೇರ್ ಒಳಗೇ ಕೂತಿತ್ತು.

ಮರುದಿನ ಆಕೆ ಒಬ್ಬಳೇ ಬಜಾರಿಗೆ ಹೋಗಿ ಕಂಪ್ಯೂಟರ್ ರಿಪೇರಿಯ ಸಾಹೇಬರನ್ನು ಕಂಡು ಬಂದಳು. ನಮ್ಮ ಓಣಿಯವರೆಲ್ಲ ರೇಡಿಯೋ ಕಾಲದಿಂದ ಅವರ ಅಂಗಡಿಗೇ ಹೋಗುವವರು. ಅವರು ಆಕೆಗೆ ಹೇಳಿದರಂತೆ: "ಅಮ್ಮಾ, ಒಂದು ನಕಲು ಮಿಷನ್ನಿನಾಗ ಇರಲಿ, ಒಂದು ನಕಲು ಡಿಸ್ಕಿನಾಗ ಇಟ್ಟು ಬೀಗ ಹಾಕ್ರಿ. ಪಾಸ್‌ವರ್ಡ್ ಉದ್ದ ಇರಬೇಕು, ಯಾರ ಬಾಯಾಗೂ ಇರಬಾರದು. ಮಕ್ಕಳ ಹೆಸರು, ಮನಿದೇವರ ಹೆಸರು ಇಡಬ್ಯಾಡ್ರಿ. ಎಲ್ಲಾರೂ ಅದನ್ನೇ ಇಟ್ಟು ಕೆಡತಾರ." ಆಕೆ ಅಲ್ಲೇ ಕೂತು ಕಲಿತು, ಅಂಗೈಯಗಲದ ಒಂದು ಡಿಸ್ಕು ತಂದು, ಎಲ್ಲ ಹಾಡನ್ನೂ ಅದಕ್ಕೆ ಹಾಕಿ, ಮತ್ತೆ ಅಂಗಡಿಗೆ ಒಯ್ದು ಅಲ್ಲೇ ಬೀಗ ಜಡಿದು ತಂದು, ಸೀರೆಗಳ ನಡುವೆ ಇಟ್ಟಳು.

"ಏನು ಪಾಸ್‌ವರ್ಡ್ ಇಟ್ಟಿ?" ಎಂದು ಕೇಳಿದೆ.

"ಒಡಪು."

"ಮದುವೀದಾ?"

"ಅದು ನಾಗಲದಿನ್ನಿಯವರಿಗೆಲ್ಲ ಬಾಯಿಪಾಠ ಐತಿ. ಹೊಸಾದು ಕಟ್ಟೀನಿ. ಇನ್ನಾ ಯಾರ ಮುಂದೂ ಅಂದಿಲ್ಲ."

ನಾನು ನಕ್ಕುಬಿಟ್ಟೆ. ಎರಡು ಸಾಲಿನ ಪದ್ಯವನ್ನು ಯಾರಾದರೂ ಪಾಸ್‌ವರ್ಡ್ ಮಾಡುತ್ತಾರೆಯೇ, ಒಂದು ಅಕ್ಷರ ಆಚೀಚೆ ಆದರೆ ನಿನ್ನ ಡಿಸ್ಕು ಕಲ್ಲಾಗಿ ಕೂರುತ್ತದೆ ಎಂದು ಪಾಠ ಮಾಡಿದೆ. ನನ್ನ ಪಾಸ್‌ವರ್ಡ್ ಏನಿತ್ತು ಗೊತ್ತೇ? ನನ್ನ ಹೆಸರು, ಮುಂದೆ ಒಂದು ಎರಡು ಮೂರು. ಗಣಿತದ ಮೇಷ್ಟ್ರಲ್ಲವೇ! ಸಾಹೇಬರು ಒಂದು ಮಾತಿನಲ್ಲಿ ಹೇಳಿದ್ದನ್ನು ಆಕೆ ಎಷ್ಟು ಆಳಕ್ಕೆ ತೆಗೆದುಕೊಂಡಿದ್ದಳೆಂದು ಈಗ ಯೋಚಿಸಿದರೆ ಬೆರಗಾಗುತ್ತದೆ. ಉದ್ದ ಇರಬೇಕು, ಯಾರ ಬಾಯಲ್ಲೂ ಇರಬಾರದು, ತಾನು ಮರೆಯಬಾರದು, ಯಾರು ಗದರಿದರೂ ತನ್ನ ಬಾಯಿಂದ ಹೊರಗೆ ಬರಬಾರದು. ಈ ನಾಲ್ಕಕ್ಕೂ ಹೊಂದುವ ವಸ್ತು ಆಕೆಯ ಹತ್ತಿರ ಒಂದೇ ಇತ್ತು.

ಅದಾಗಿ ಹದಿನೈದು ದಿನಕ್ಕೆ ತವರಿನಲ್ಲಿ ಅಣ್ಣನ ಮೊಮ್ಮಗುವಿನ ತೊಟ್ಟಿಲ ಕಾರ್ಯ ಬಂತು. ಭಾನುವಾರ. ಅತ್ತೆಗೆ ಬಸ್ಸಿನ ಪ್ರಯಾಣ ಆಗದು. ಅನ್ನ ಸಾರು ಮಾಡಿಟ್ಟು, ಅವ್ವನಿಗೆ ನೀರು, ಕೋಲು ಕೈಗೆ ಸಿಗುವಂತೆ ಇಟ್ಟು, ನನಗೆ ನೂರೆಂಟು ಹೇಳಿ, ಬೆಳಗಿನ ಎಮ್ಮಿಗನೂರು ಬಸ್ಸಿಗೆ ಹೋದಳು. ಸಂಜೆ ವಾಪಸು ಬರುವವಳು. ನಾನು ಮತ್ತು ಅತ್ತೆ ಉಳಿದೆವು. ಅವರು ಮುಖ ಗೋಡೆಗೆ ಮಾಡಿ ಮಲಗಿದರು, ನಾನು ಕಂಪ್ಯೂಟರಿನ ಕಡೆ ಮುಖ ಮಾಡಿ ಕುಳಿತೆ. ಇಬ್ಬರಿಗೂ ಅದೇ ಮರ್ಯಾದೆ.

ಹನ್ನೆರಡರ ಸುಮಾರಿಗೆ ಪರದೆ ಕೆಂಪಾಯಿತು. ಸೈರನ್ ಹೊಡೆದುಕೊಳ್ಳತೊಡಗಿತು. ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಹೇಳಿತು: ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಅಯ್ಯೋ, ಅತ್ತೆಯ ಹಾಡುಗಳು! ನಂಬರು ಒತ್ತಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಆ ಕಡೆಯವನು ಇಂಗ್ಲಿಷಿನಲ್ಲಿ ಶುರು ಮಾಡಿ, ನಾನು ಆದೋನಿಯವನೆಂದು ತಿಳಿದ ಕೂಡಲೇ ತೆಲುಗಿಗೆ ಬಂದ. ಎಷ್ಟು ಮೃದು! "ಭಯಪಡಕಂಡಿ ಸಾರ್, ನೇನು ಚೂಸುಕುಂಟಾನು." ಹೆದರಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದು. ನನ್ನ ತಮ್ಮನೂ ಅಷ್ಟು ಪ್ರೀತಿಯಿಂದ ಮಾತಾಡಿದ್ದಿಲ್ಲ. ಅವನು ಹೇಳಿದ್ದನ್ನೆಲ್ಲ ಒತ್ತಿದೆ. ಬಾಣದ ಗುರುತು ತಾನೇ ಪರದೆಯ ಮೇಲೆ ಓಡಾಡತೊಡಗಿತು. ಅವನು ಅಲ್ಲಿ ಕೂತು ಇಲ್ಲಿಯ ನನ್ನ ಕಂಪ್ಯೂಟರನ್ನು ನಡೆಸುತ್ತಿದ್ದ. ನಾನು ಬಾಯಿ ತೆರೆದು ಮೆಚ್ಚಿಕೊಂಡು ನೋಡುತ್ತಿದ್ದೆ! ಬೇರೆ ಡಿಸ್ಕುಗಳಿದ್ದರೆ ಅವನ್ನೂ ಹಚ್ಚಿ, ವೈರಸ್ ಅಲ್ಲೂ ಇರುತ್ತದೆ ಅಂದ. ಸೀರೆಗಳ ನಡುವಿನಿಂದ ಆಕೆಯ ಡಿಸ್ಕು ತಂದು ಹಚ್ಚಿದೆ. ಅದು ಪಾಸ್‌ವರ್ಡ್ ಕೇಳಿತು. ಅವನೂ ಕೇಳಿದ.

ಹೆಂಡತಿಗೆ ಫೋನು ಹಚ್ಚಿದೆ. ಅವನ ಫೋನು ನನ್ನ ಮೊಬೈಲಿನಲ್ಲಿ, ಆಕೆಯದು ಮನೆಯ ಇನ್ನೊಂದು ಮೊಬೈಲಿನಲ್ಲಿ, ಸ್ಪೀಕರು ಹಾಕಿ ಮೇಜಿನ ಮೇಲಿಟ್ಟೆ. ಆ ಕಡೆ ತೊಟ್ಟಿಲ ಸುತ್ತ ಹೆಂಗಸರ ಗಲಾಟೆ.

"ಆ ಒಡಪು ಹೇಳು, ಜಲ್ದಿ!"

"ಈಗಾ? ಇಲ್ಲಿ ಎಲ್ಲಾರೂ ಕುಂತಾರ್ರಿ."

"ಕುಂತಿರಲಿ! ಕಂಪ್ಯೂಟರ್ ಹಾಳಾಗಾಕತ್ತೈತಿ, ಕಂಪನಿಯವರು ಕೇಳಾಕತ್ತಾರ."

"ಅವರಿಗೆ ನಮ್ಮ ಮಿಷನ್ ಕೆಟ್ಟಿದ್ದು ಹೆಂಗ ಗೊತ್ತಾತು?"

"ನಾನೇ ಫೋನ್ ಮಾಡೀನಿ."

"ನಂಬರ್ ಯಾರು ಕೊಟ್ರು?"

"ಅದೇ ಪರದಿ ಮ್ಯಾಲ ಬಂತು."

ಆಕೆ ತೊಟ್ಟಿಲ ಬಳಿಯಿಂದ ಎದ್ದ ಬಳೆಯ ಸದ್ದು ಕೇಳಿಸಿತು. ಆಮೇಲೆ, "ರೀ, ಕಳ್ಳ ತಾನೇ ಬಾಗಿಲು ಬಡದು, ನಾ ಪೊಲೀಸು, ಕೀಲಿ ಕೊಡು ಅಂದ್ರ ಕೊಡತೀರೇನು? ವಾಯರ್ ಕೀಳ್ರಿ ಮೊದಲ!" ಎಂದಳು.

ನನ್ನ ಸಿಟ್ಟು ನೆತ್ತಿಗೇರಿತು. ಗಂಡನ ಹೆಸರು ಹೇಳಬೇಕಾಗುತ್ತದೆಂದು ನಾಟಕ ಮಾಡುತ್ತಿದ್ದಾಳೆ ಅನ್ನಿಸಿತು. ನಿನ್ನ ಮಡಿ ಸುಡು, ನಿಮ್ಮವ್ವನ ಹಾಡು ಹೋದರೆ ನಾನಲ್ಲ ಹೊಣೆ, ನೀನು ಹತ್ತನೇ ತರಗತಿ ಓದಿದವಳು ನನಗೆ ಕಲಿಸಬೇಡ ಎಂದೆಲ್ಲ ಅಂದೆ. ತೊಟ್ಟಿಲ ಮನೆಯ ಗಲಾಟೆ ನಿಂತುಹೋಗಿತ್ತು, ಅಷ್ಟು ಹೆಂಗಸರೂ ಕೇಳುತ್ತಿದ್ದರು. ಆಕೆ ಮಾತ್ರ ಅದೇ ಹೇಳುತ್ತಿದ್ದಳು. "ವಾಯರ್ ಕೀಳ್ರಿ. ನಿಮ್ಮ ಕಾಲಿಗೆ ಬೀಳತೀನಿ, ವಾಯರ್ ಕೀಳ್ರಿ."

ಪಾಸ್‌ವರ್ಡ್ ಸಿಗುವುದಿಲ್ಲವೆಂದು ಅವನಿಗೂ ತಿಳಿಯಿತು. ಮೃದು ದನಿ ಹೋಯಿತು. ಕೊಡದಿದ್ದರೆ ನೋಡಿ ಅಂದ. ನನ್ನ ಕಣ್ಣೆದುರಿಗೇ ಬಾಣದ ಗುರುತು ಅತ್ತೆಯ ಹಾಡಿನ ಫೋಲ್ಡರಿಗೆ ಹೋಯಿತು, ಎಲ್ಲವನ್ನೂ ಆರಿಸಿಕೊಂಡಿತು. ನೂರಾ ನಲವತ್ತೂ ಮಾಯ. ಆಮೇಲೆ ಅದು ಡಿಸ್ಕಿನ ಕಡೆ ಸರಿಯಿತು. ಡಿಸ್ಕನ್ನು ಖಾಲಿ ಮಾಡಲೇ ಎಂದು ಪರದೆಯ ಮೇಲೆ ಕೇಳಿತು. ನಾನು ಕಲ್ಲಿನಂತೆ ಕೂತಿದ್ದೆ. ಕೈ ಏಳಲಿಲ್ಲ.

ಟಕ್ ಎಂದು ಸದ್ದಾಯಿತು. ಪರದೆ ಕಪ್ಪಾಯಿತು, ಸೈರನ್ ನಿಂತಿತು.

ತಿರುಗಿ ನೋಡಿದೆ. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಎಡಗೈಯ ಕೋಲು ಗೋಡೆಯ ಸ್ವಿಚ್ ಬೋರ್ಡಿನ ಮೇಲಿತ್ತು. ಮಗಳು ಹೇಳಿದ್ದನ್ನು ಸ್ಪೀಕರಿನಲ್ಲಿ ಕೇಳಿ, ಅಳಿಯ ಮಾಡದ್ದನ್ನು ತಾವೇ ಮಾಡಿದ್ದರು. "ಏನು ಮಾಡಿದ್ರಿ ಅತ್ತಿ!" ಎಂದು ಅವರ ಮೇಲೂ ಕಿರುಚಿದೆ. ಅವರ ಸೆರಗು ಹೆಗಲಿಗೆ ಜಾರಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ಯಾರು ಕಿತ್ತರು?" ಎಂದು ಮೇಜಿನ ಮೇಲಿಂದ ಹೆಂಡತಿಯ ದನಿ.

"ನಿಮ್ಮವ್ವ."

"ಅವ್ವನಾ?" ಎಂದಳು. ಅಳು ಬಂತೋ ನಗು ಬಂತೋ, ಮತ್ತೇನೂ ಕೇಳಿಸಲಿಲ್ಲ.

ಕಂಪ್ಯೂಟರನ್ನು ಸಾಹೇಬರ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ನೋಡಿದರು, ನಾಲಗೆ ಲೊಚಗುಟ್ಟಿದರು. "ಮೇಷ್ಟ್ರೇ, ಆ ಪುಕ್ಕಟೆ ಸಾಫ್ಟ್‌ವೇರಿನ ಹೊಟ್ಟ್ಯಾಗ ಜಾಸೂಸ್ ಕುಂತಿದ್ದ. ನೀವು ಒತ್ತಿದ ಒಂದೊಂದು ಅಕ್ಷರಾನೂ ಬರಕೊಂಡಾನ. ನಿಮ್ಮ ಪಾಸ್‌ವರ್ಡು ಎಲ್ಲಾ ಅವನ ಹಂತ್ಯಾಕ ಅದಾವು." ಡಿಸ್ಕಿನ ಬೀಗ ಆಕೆ ಅಂಗಡಿಯ ಕಂಪ್ಯೂಟರಿನಲ್ಲೇ ಹಾಕಿದ್ದರಿಂದ, ಮನೆಗೆ ತಂದ ಮೇಲೆ ಒಂದು ಸಲವೂ ತೆರೆಯದಿದ್ದರಿಂದ ಅದೊಂದು ಉಳಿದಿತ್ತು. ಫೋನಿನಲ್ಲಿ ಆಕೆ ಹೇಳಿದ್ದರೆ, ನಾನು ಒತ್ತಿದ್ದರೆ, ಅದೂ ಹೋಗುತ್ತಿತ್ತು. ಆದರೆ ಕೊನೆ ಗಳಿಗೆಯಲ್ಲಿ ಅವನು ಅದಕ್ಕೆ ಏನು ಮಾಡಿದನೋ, ಕರೆಂಟು ತಟ್ಟನೆ ಹೋಗಿ ಅದಕ್ಕೆ ಏನಾಯಿತೋ, ತೆರೆದ ಮೇಲೆಯೇ ಗೊತ್ತಾಗಬೇಕು. ಕಂಪ್ಯೂಟರನ್ನು ಪೂರಾ ಅಳಿಸಿ ಹೊಸದಾಗಿ ಹಾಕಿಕೊಡಲು ಎಂಟು ದಿನ ಬೇಕು, ಅಲ್ಲಿಯವರೆಗೆ ಡಿಸ್ಕನ್ನು ಎಲ್ಲೂ ಹಚ್ಚಬೇಡಿ ಅಂದರು. ಅಳಿಸಿಹೋದ ಹಾಡುಗಳನ್ನು ಹಿಂದಕ್ಕೆ ತರಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದೂ ಬರಲಿಲ್ಲ.

ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಆ ಎಂಟು ಸಂಜೆಗಳನ್ನು ನಾನು ಮರೆಯಲಾರೆ. ದೀಪ ಹಚ್ಚಿದ ಕೂಡಲೇ ಅತ್ತೆ ಎದ್ದು ಕೂತು ಖಾಲಿ ಮೇಜಿನ ಕಡೆ ನೋಡುವರು. ಸ್ವಲ್ಪ ಹೊತ್ತು ನೋಡಿ ಮಲಗುವರು. ನಾಲ್ಕನೆಯ ದಿನಕ್ಕೆ ಆ 'ಊ' ಸಹ ನಿಂತಿತು. ಐದನೆಯ ದಿನ ತಡೆಯಲಾರದೆ ನಾನೇ ಒಂದು ಸೋಬಾನೆ ಎತ್ತಿಕೊಂಡೆ. ಅತ್ತೆ ಎರಡು ಸಾಲು ಕೇಳಿ ಗೋಡೆಯ ಕಡೆ ತಿರುಗಿದರು. ನನ್ನ ಹಾಡು ಅಂಥದು.

ಒಂಬತ್ತನೆಯ ದಿನ ಕಂಪ್ಯೂಟರು ಬಂತು. ಹೆಂಡತಿ ಕೈಕಾಲು ತೊಳೆದುಕೊಂಡು ಬಂದು ಡಿಸ್ಕು ಹಚ್ಚಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಒಡಪನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಳು, ಪರದೆಯ ಮೇಲೆ ಬರೀ ಚುಕ್ಕೆಗಳ ಸಾಲು. ತಪ್ಪು ಅಂದಿತು. ಮತ್ತೆ ಒತ್ತಿದಳು. ತಪ್ಪು.

"ಬಾಯಿಲೆ ಅನ್ನದಿದ್ರ ನನಗ ಬರಂಗಿಲ್ರಿ. ನೀವು ಆ ಕಡಿ ಹೋಗ್ರಿ."

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ಗುಸುಗುಸು. ಪದ ತಿಳಿಯುತ್ತಿರಲಿಲ್ಲ, ಲಯ ತಿಳಿಯುತ್ತಿತ್ತು. ಆಮೇಲೆ ಒಂದು ಸದ್ದು ಕೇಳಿತು. ಏನೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಅತ್ತೆ ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವವರ ನಗು. ಅದರ ಹಿಂದೆಯೇ, ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ನಾಗಲದಿನ್ನೆಯ ಹಾಡು! ನಾನು ಒಳಗೆ ಓಡಿದೆ. ಹೆಂಡತಿ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. ಅತ್ತೆ ಮಂಚದ ಪಟ್ಟಿ ತಟ್ಟುತ್ತಿದ್ದರು. ನೂರಾ ನಲವತ್ತೂ ಇದ್ದವು. ಕೋಳಿಗೆ ಬೈದದ್ದೂ ಇತ್ತು. ಇನ್ನು ಅವುಗಳ ಗದ್ದಲ ತೆಗೆಯುವ ಹೆಸರೆತ್ತಿದರೆ ಕೇಳಿ.

ನಾನು ಆಕೆಯೆದುರು ಕೈ ಮುಗಿದೆ. ತಮಾಷೆಗಲ್ಲ, ನಿಜವಾಗಿ. "ಥೂ, ಕೈ ಇಳಸ್ರಿ, ಅವ್ವ ನೋಡಾಕತ್ತಾಳ" ಎಂದಳು. ನನಗಿಂತ ಆಕೆ ಬುದ್ಧಿವಂತೆ ಎಂದು ಅಂದು ಒಪ್ಪಿದ್ದನ್ನು ಇಂದಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಸ್‌ವರ್ಡಿನ ಪಾಠ ಮಾಡುವಾಗ ಆಕೆಯ ಕತೆಯನ್ನೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈಗ ಯಾವ ಪುಕ್ಕಟೆ ಸಾಮಾನು ಒಳಗೆ ಬರಬೇಕಾದರೂ ಆಕೆಯ ಅಪ್ಪಣೆ ಬೇಕು.

ಒಂದು ಮಾತ್ರ ನನ್ನ ತಲೆ ತಿನ್ನುತ್ತಿತ್ತು. ಆ ಒಡಪಿನಲ್ಲಿ ನನ್ನ ಬಗ್ಗೆ ಏನಿದೆ? ಅತ್ತೆ ಅಷ್ಟು ನಕ್ಕದ್ದು ಯಾಕೆ? ಹೆಂಡತಿಯನ್ನು ಕೇಳಿದರೆ ಅಡುಗೆಮನೆಗೆ ಹೋಗುವಳು. ಉಳಿದವರು ಅತ್ತೆ. ಲೋಕದಲ್ಲಿ ಆ ಒಡಪು ಗೊತ್ತಿರುವ ಎರಡನೆಯ ಮನುಷ್ಯರು. ಹಾಡು ಮುಗಿದ ಮೇಲೆ ದಿನಾ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, "ಅತ್ತಿ, ಆ ಒಡಪು ಏನು?" ಎಂದು ಕೇಳತೊಡಗಿದೆ. ಮೊದಮೊದಲು ಅವರು ಸೆರಗು ಎಳೆದುಕೊಂಡು ಮುಖ ತಿರುಗಿಸುವರು. ಆಮೇಲೆ ತಿರುಗಿಸುವುದು ನಿಂತಿತು. ಇಲ್ಲವೆಂಬಂತೆ ತಲೆ ಆಡಿಸಿ ನಗುವರು. ಹಾಡಿನಲ್ಲಿ ಅವರ 'ಊ' ಮರಳಿ ಬಂತು, ಆಮೇಲೆ ಸಾಲಿನ ಕೊನೆಯ ಪದ ಬಂತು, ಆಮೇಲೆ ಅರ್ಧ ಸಾಲು. ಹಾಡು ನಿಂತರೆ ಮತ್ತೆ ಮೌನ. ಹಾಡಿನ ಹೊರಗೆ ಒಂದು ಮಾತೂ ಇಲ್ಲ. ಹೀಗೇ ಏಳು ತಿಂಗಳು ಹೋಯಿತು.

ಶ್ರಾವಣದ ಒಂದು ಸಂಜೆ. ಹಾಡು ಮುಗಿದಿತ್ತು. ಹೆಂಡತಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಎಂದಿನಂತೆ ಕೇಳಿದೆ: "ಅತ್ತಿ, ಇವತ್ತರ ಹೇಳ್ರಿ. ಆ ಒಡಪಿನ್ಯಾಗ ನನಗ ಏನಂದಾಳ?"

ಅತ್ತೆ ನಕ್ಕರು. ತಲೆ ಆಡಿಸಲಿಲ್ಲ. ತುಟಿ ಬಿಗಿಹಿಡಿದರು, ಬಿಟ್ಟರು, ಮತ್ತೆ ಬಿಗಿಹಿಡಿದರು. ಎಡಗೈ ಮಂಚದ ಪಟ್ಟಿಯನ್ನು ಒಂದು ಸಲ ತಟ್ಟಿತು.

"ಹೇ... ಳಂ... ಗಿಲ್ಲ."

ನಾನು ಸ್ಟೂಲಿನಿಂದ ಎದ್ದುಬಿಟ್ಟೆ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. "ಅತ್ತಿ, ಇನ್ನೊಮ್ಮೆ ಅನ್ರಿ" ಎಂದೆ.

ಅತ್ತೆ ಮಗಳ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸೆರಗು ಮುಂದೆಳೆದುಕೊಳ್ಳದೆ, ತಡವರಿಸದೆ ಅಂದರು:

"ಹೇಳಂಗಿಲ್ಲ."